ರೈಟ್ ಮಾವನ ಇಲ್ಲದ ಸೋಫಾ

ನನ್ನ ಸೋದರಮಾವನನ್ನು ನಮ್ಮ ಬಳಗದಲ್ಲಿ ಎಲ್ಲರೂ ಕರೆಯುವುದು ರೈಟ್ ಮಾವ ಅಂತ. ಮೀಸೆ ಚಿಗುರಿದಾಗಿನಿಂದ ತಲೆ ಬೆಳ್ಳಗಾಗುವವರೆಗೆ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ನಿವೃತ್ತಿಯಾಗಿ ಬಸ್ಸು ಇಳಿದರು, ಆದರೆ ‘ರೈಟ್’ ಮಾತ್ರ ಬಾಯಿಂದ ಇಳಿಯಲಿಲ್ಲ. ಊಟ ಮುಗಿಸಿ ತಟ್ಟೆ ಸರಿಸುವಾಗ ರೈಟ್. ಸ್ನಾನದ ಮನೆಯಿಂದ ಹೊರಬರುವಾಗ ರೈಟ್. ಒಮ್ಮೆ ಆಸ್ಪತ್ರೆಯಲ್ಲಿ ಹೊಟ್ಟೆ ಅದುಮಿ ನೋಡುತ್ತಿದ್ದ ಡಾಕ್ಟರಿಗೇ ‘ರೈಟ್, ಮುಂದೆ ಹೋಗಿ’ ಅಂದಿದ್ದಾರೆ. ಡಾಕ್ಟರೂ ಮುಂದಿನ ಮಂಚಕ್ಕೆ ಹೋದರಂತೆ.

ಅವರ ವೃತ್ತಿಯೆಲ್ಲ ನಿಂತಿದ್ದು ಒಂದೇ ಸುಳ್ಳಿನ ಮೇಲೆ. ‘ಒಳಗೆ ಜಾಗ ಇದೆ, ಮುಂದೆ ಹೋಗಿ.’ ಎಳ್ಳು ಚೆಲ್ಲಿದರೂ ನೆಲಕ್ಕೆ ಬೀಳದಂಥ ಬಸ್ಸಿನಲ್ಲೂ ಅವರಿಗೆ ಜಾಗ ಕಾಣುತ್ತಿತ್ತು. ಕಾಣುತ್ತಿತ್ತು ಅನ್ನುವುದೇ ಸರಿ, ಯಾಕೆಂದರೆ ಹಾಗೆ ಹೇಳುವಾಗ ಅವರ ಮುಖದಲ್ಲಿ ಚೂರೂ ಕಪಟ ಇರುತ್ತಿರಲಿಲ್ಲ. ಇನ್ನು ಲೇಡೀಸ್ ಸೀಟಿನ ವಿಷಯಕ್ಕೆ ಬಂದರೆ ಅವರು ಯಮ. ಅಲ್ಲಿ ಗಂಡಸು ಕೂತಿದ್ದರೆ ಎಷ್ಟೇ ದೊಡ್ಡ ಮನುಷ್ಯನಾಗಲಿ ಏಳಲೇಬೇಕು. ತಮ್ಮದೇ ಡಿಪೋ ಮ್ಯಾನೇಜರನ್ನು ಒಮ್ಮೆ ಎಬ್ಬಿಸಿ, ಕೊನೇ ಸ್ಟಾಪಿನವರೆಗೂ ನಿಲ್ಲಿಸಿಕೊಂಡು ಹೋದರು. ಹಿಂದೆ ಜಾಗ ಇದೆ ಸಾರ್ ಅಂತಲೂ ಹೇಳಿದರು.

ಮದುವೆಯಾದ ಹೊಸತರಲ್ಲಿ ಅವರ ಬಸ್ಸು ಮನೆಯ ಕೆಳಗಿನ ಬೀದಿಯಲ್ಲೇ ಹಾದುಹೋಗುತ್ತಿತ್ತು. ಅತ್ತೆ ಮಹಡಿಯ ಮೇಲೆ ಕಿಟಕಿ ಪಕ್ಕ ಹೊಲಿಗೆ ಮಿಷನ್ ಇಟ್ಟುಕೊಂಡು ಕೂರುತ್ತಿದ್ದರು. ಬಸ್ಸು ಮನೆಯ ಕೆಳಗೆ ಬಂದ ಕೂಡಲೇ ಮಾವ ಒಂದು ವಿಶಲ್ ಊದುತ್ತಿದ್ದರು. ಒಂದು ವಿಶಲ್ ಅಂದರೆ ನಿಲ್ಲಿಸು ಅಂತ. ಡ್ರೈವರ್ ಬ್ರೇಕ್ ಹಾಕುತ್ತಿದ್ದ, ನಿಂತವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಬೈಯುತ್ತಿದ್ದರು, ಮಾವ ಬಾಗಿಲಲ್ಲಿ ಜೋತುಬಿದ್ದು ಮೇಲೆ ನೋಡುತ್ತಿದ್ದರು, ಅತ್ತೆ ಕೆಳಗೆ ನೋಡುತ್ತಿದ್ದರು. ಆಮೇಲೆ ಎರಡು ವಿಶಲ್, ರೈಟ್. ದಿನಾ ಇಲ್ಲಿ ಬಸ್ಸು ನಿಲ್ಲುತ್ತದಲ್ಲ ಅಂತ ಜನ ಅಲ್ಲೇ ಬಂದು ಕಾಯತೊಡಗಿದರು. ಕೊನೆಗೆ ಇಲಾಖೆಯವರೇ ಒಂದು ಕಂಬ ನೆಟ್ಟು, ಬೋರ್ಡ್ ಹಾಕಿ ಅದನ್ನು ಸ್ಟಾಪ್ ಮಾಡಿದರು. ಈಗಲೂ ಅದು ಅಲ್ಲಿದೆ. ಇಲ್ಲದ್ದನ್ನು ಇದೆ ಇದೆ ಅಂತ ನಡೆಸಿ ಕೊನೆಗೆ ಇರುವಂತೆಯೇ ಮಾಡಿಬಿಡುವುದು ಈ ಮನುಷ್ಯನಿಗೆ ಹೊಸದಲ್ಲ ಅಂತ ತಿಳಿಯಲಿ ಎಂದು ಇದನ್ನು ಮೊದಲೇ ಹೇಳಿದೆ.

ನಾನು ಕೆಲಸ ಮಾಡುವುದು ಸೋಫಾ, ಮಂಚ, ಬೀರು ಮಾರುವ ದೊಡ್ಡ ಅಂಗಡಿಯಲ್ಲಿ. ನಮ್ಮದೊಂದು ಆ್ಯಪ್ ಇದೆ. ಫೋನು ಹಿಡಿದು ನಿಮ್ಮ ಕೋಣೆಯನ್ನು ಒಂದು ಸುತ್ತು ತೋರಿಸಿದರೆ ಸಾಕು, ಅಂಗಡಿಯ ಸೋಫಾ ನಿಮ್ಮ ಮನೆಯ ನೆಲದ ಮೇಲೆ ತಂದಿಟ್ಟ ಹಾಗೆ ಫೋನಿನಲ್ಲಿ ಕಾಣುತ್ತದೆ. ಅಳತೆಯಲ್ಲಿ ಒಂದಿಂಚೂ ಹೆಚ್ಚುಕಮ್ಮಿ ಇಲ್ಲ, ನೆರಳೂ ಬೀಳುತ್ತದೆ, ಸುತ್ತಲೂ ನಡೆದು ನೋಡಬಹುದು. ಫೋನು ಕೆಳಗಿಳಿಸಿದರೆ ಅದೇ ಖಾಲಿ ನೆಲ, ಅದೇ ಧೂಳು. ಗಿರಾಕಿಗಳಿಗೆ ಇದನ್ನು ಕಲಿಸುವುದೇ ನನ್ನ ಕೆಲಸ. ಮಾವನ ಫೋನಿಗೆ ಅದನ್ನು ಹಾಕಿಕೊಟ್ಟವಳೂ ನಾನೇ. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು ಅನ್ನುತ್ತಾರಲ್ಲ, ಹಾಗಾಯಿತು.

“ಕೇಳೇ ಇಲ್ಲಿ,” ಅಂದಿದ್ದರು ಮಾವ. “ಜೀವಮಾನವೆಲ್ಲ ನಿಂತೇ ಕಳೆದೆ. ಊರವರೆಲ್ಲ ಕಿಟಕಿ ಪಕ್ಕ ಕೂತ್ಕೊಂಡು ಹೋಗೋದನ್ನ ನಿಂತು ನೋಡ್ದೆ. ಈಗ ನನಗೊಂದು ಸೋಫಾ ಬೇಕು. ಕಿಟಕಿ ಪಕ್ಕ ಹಾಕ್ಕೊಂಡು ಆರಾಮಾಗಿ ಕೂತ್ಕೋಬೇಕು. ಅಷ್ಟೇ ಕಣೇ.”

ಪಾಪ ಅನ್ನಿಸಿತು. ಆಸೆಯಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಆ ಮನೆಗಿರುವುದು ಒಂದು ಹಾಲ್, ಒಂದು ರೂಮು, ಒಂದು ಅಡುಗೆಮನೆ. ಬೀದಿಗೆ ತೆರೆದ ಕಿಟಕಿ ಒಂದೇ ಒಂದು. ಅದರ ಪಕ್ಕದಲ್ಲಿ ಅತ್ತೆಯೂ ಅವರ ಮಿಷನ್ನೂ ಮದುವೆಯಾದಾಗಿನಿಂದ ಇದ್ದಾರೆ. ಆ ಕಟ್ಟಡದ ಬೇರೆ ಮನೆಯವರ ಪ್ಯಾಂಟಿನ ಕಾಲು ಮಡಚುವುದು, ಜಿಪ್ ಬದಲಿಸುವುದು, ದಪ್ಪಗಾದವರ ಬಟ್ಟೆಯ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಡುವುದು ಎಲ್ಲ ಅಲ್ಲೇ. ಸೂಜಿಗೆ ದಾರ ಪೋಣಿಸುವಷ್ಟು ಬೆಳಕಿರುವುದೂ ಅಲ್ಲಿ ಮಾತ್ರ. ಸೋಫಾ ಬಂದರೆ ಅತ್ತೆ ಎಲ್ಲಿಗೆ ಹೋಗಬೇಕು ಅಂತ ಕೇಳಿದೆ.

“ಒಳಗೆ ಜಾಗ ಇದೆ,” ಅಂದರು ಮಾವ, ಬಚ್ಚಲಿನ ಪಕ್ಕದ ಓಣಿಯ ಕಡೆ ಕೈ ತೋರಿಸಿ. ಅಲ್ಲಿ ಪೊರಕೆ ಇಟ್ಟರೆ ಬಕೆಟ್ಟನ್ನು ಹೊರಗಿಡಬೇಕು. ಅತ್ತೆ ಒಮ್ಮೆ ಓಣಿಯ ಕಡೆ ನೋಡಿ ಮತ್ತೆ ಹೊಲಿಗೆಗೆ ಬಗ್ಗಿದರು. ಅವರ ಬಾಯಲ್ಲಿ ಗುಂಡುಪಿನ್ನುಗಳಿದ್ದವು.

ಮೊದಲ ದಿನ ಹಸಿರು ಬಣ್ಣದ, ಮೂರು ಜನ ಕೂರುವ ಸೋಫಾ ಒಂದನ್ನು ಹಾಲ್‌ನ ನಡುವೆ ಇಟ್ಟು ತೋರಿಸಿದೆ. ಮಾವ ಫೋನಿನಲ್ಲಿ ನೋಡಿದರು, ಕಣ್ಣರಳಿಸಿದರು, ಫೋನನ್ನು ನನ್ನ ಕೈಗೆ ಕೊಟ್ಟು ಹೋಗಿ ಕೂತೇಬಿಟ್ಟರು. ಬಿದ್ದ ಸದ್ದಿಗೆ ಎದುರುಮನೆಯ ಹಲ್ಲಿನ ಡಾಕ್ಟರ್ ಓಡಿಬಂದರು.

“ಏನಾಯ್ತು?”

“ಏನಿಲ್ಲ ಸಾರ್. ಅಂಚಲ್ಲಿ ಕೂತೆ, ಜಾರ್ತು,” ಅಂದರು ಮಾವ ಸೊಂಟ ಹಿಡಿದುಕೊಂಡು.

ಡಾಕ್ಟರಿಗೂ ಫೋನು ತೋರಿಸಿದ್ದಾಯಿತು. ಅವರು ಸೋಫಾದ ಸುತ್ತ ಒಂದು ಪ್ರದಕ್ಷಿಣೆ ಬಂದು, ಬಣ್ಣ ಚೆನ್ನಾಗಿದೆ, ಆದರೆ ಮುಂದೊಂದು ಟೀಪಾಯಿ ಇಲ್ಲದಿದ್ದರೆ ಬೋಳು ಬೋಳು ಅಂದರು. ಟೀಪಾಯಿಯನ್ನೂ ಇಟ್ಟೆ. ಹೊರಡುವಾಗ ಅವರ ಮೊಣಕಾಲು ಆ ಟೀಪಾಯಿಗೆ ಬಡಿಯಿತು. ಬಡಿಯುವುದಕ್ಕೆ ಅಲ್ಲಿ ಏನೂ ಇರಲಿಲ್ಲ, ಆದರೂ ಅವರು ‘ಸಾರಿ’ ಅಂದು ಮೊಣಕಾಲು ಉಜ್ಜಿಕೊಂಡರು. ನಾನು ನಗಬಾರದೆಂದು ಅಡುಗೆಮನೆಗೆ ಹೋದೆ.

ಮಾರನೇ ದಿನ ಮಾವನಿಗೆ ಹೊಸ ಚಿಂತೆ ಹತ್ತಿತು. ಸೋಫಾ ಒಳಗಿದೆ ಸರಿ, ಆದರೆ ಬಾಗಿಲಿನಿಂದ ಬಂದಿಲ್ಲ.

“ಕಿಟಕೀಲಿ ತೂರ್ಕೊಂಡು ಹತ್ತಿದವರಿಗೆ ನಾನು ಯಾವತ್ತೂ ಟಿಕೆಟ್ ಕೊಟ್ಟೋನಲ್ಲ,” ಅಂದರು. “ಕೆಳಗಿಂದ ಹತ್ತಿಸೋಣ. ಆ ಕಡೆ ಹಿಡ್ಕೋ.”

ಹಿಡಿದುಕೊಂಡೆ. ಏನನ್ನು ಅಂತ ಮಾತ್ರ ಕೇಳಬೇಡಿ. ಮಾವ ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಸೋಫಾದ ತೋಳು ಹಿಡಿದು ಹಿಮ್ಮುಖವಾಗಿ ಮೆಟ್ಟಿಲು ಹತ್ತಿದರು. ನಾನು ಕೆಳಗಿನಿಂದ ಬೆನ್ನು ಬಗ್ಗಿಸಿ, ಎರಡೂ ಕೈ ಚಾಚಿ ಗಾಳಿಯನ್ನು ಎತ್ತಿಕೊಂಡು ಹತ್ತಿದೆ. “ಎತ್ತೇ, ಎತ್ತು, ಗೋಡೆ ಸುಣ್ಣ ಕೆರೀತಿದೆ!” ಅಂತ ಅವರು ಕೂಗಿದಾಗ ನಾನು ನಿಜವಾಗಿಯೂ ಎತ್ತಿದೆ. ತರಕಾರಿ ಚೀಲ ಹಿಡಿದು ಇಳಿಯುತ್ತಿದ್ದ ಮೇಲಿನ ಮನೆಯಾಕೆ ಗೋಡೆಗೆ ಅಂಟಿ ನಿಂತು, “ಭಾರದ್ದು, ಮೊದ್ಲು ನೀವು ಹೋಗಿ,” ಅಂದರು. ಬೆವರು ಕಿತ್ತುಕೊಂಡು ಬಂತು. ಇಲ್ಲದ ಸಾಮಾನಿಗೆ ಬೆವರು ಯಾಕೆ ಬರಬೇಕು ಅಂತ ನನಗೆ ಇವತ್ತಿಗೂ ತಿಳಿದಿಲ್ಲ.

ಮಾವನ ಮಹಡಿಗೆ ಹತ್ತುವ ಕೊನೆಯ ತಿರುವಿನಲ್ಲಿ ಸೋಫಾ ಸಿಕ್ಕಿಹಾಕಿಕೊಂಡಿತು. ಫೋನಿನಲ್ಲಿ ನೋಡಿದರೆ ಅದರ ಕಾಲು ಗೋಡೆಯೊಳಗೆ ಹೋಗಿತ್ತು. ಗಲಾಟೆ ಕೇಳಿ ಹೊರಬಂದ ನೆರೆಯವರಲ್ಲಿ ಓರೆ ಮಾಡಿ ಅಂದರು ಒಬ್ಬರು, ಕಾಲು ಬಿಚ್ಚಿ ಅಂದರು ಇನ್ನೊಬ್ಬರು, ತರುವ ಮುಂಚೆ ಅಳತೆ ನೋಡಬಾರದಿತ್ತಾ ಅಂತ ಬೈದರು ಮತ್ತೊಬ್ಬರು. ಮಾವ ಹಣೆ ಒರೆಸಿಕೊಂಡು, “ಇಲ್ಲೇ ಇರ್ಲಿ, ಸುಸ್ತಾಯ್ತು, ನಾಳೆ ನೋಡೋಣ,” ಅಂದು ಮನೆಗೆ ಹೋದರು.

ಅವತ್ತಿನಿಂದ ಆ ತಿರುವಿನಲ್ಲಿ ಜನ ಅಡ್ಡಡ್ಡಲಾಗಿ ನಡೆಯತೊಡಗಿದರು. ಹಲ್ಲಿನ ಡಾಕ್ಟರ್ ಬ್ಯಾಗನ್ನು ತಲೆಯ ಮೇಲೆತ್ತಿಕೊಂಡು ಹೊಟ್ಟೆ ಒಳಗೆಳೆದು ದಾಟುತ್ತಿದ್ದರು. ಕೊನೆಗೆ ಕಟ್ಟಡದ ಸೆಕ್ರೆಟರಿ ಬಂದು ಬಾಗಿಲು ತಟ್ಟಿದರು. ಅವರು ಕಾನೂನು ಬಿಟ್ಟು ಒಂದು ಸೀನೂ ಸೀನದ ಮನುಷ್ಯ.

“ಎಲ್ಲರೂ ಓಡಾಡೋ ಮೆಟ್ಟಿಲ ಮೇಲೆ ಸೋಫಾ ಇಡೋ ಹಾಗಿಲ್ಲ. ತೆಗೀಬೇಕು,” ಅಂದರು.

“ಸಾರ್, ಅಲ್ಲೇನೂ ಇಲ್ವಲ್ಲ,” ಅಂದೆ ನಾನು.

“ಅದು ನನಗೂ ಗೊತ್ತಮ್ಮ. ಆದ್ರೂ ಓಡಾಡೋಕೆ ತೊಂದ್ರೆ ಆಗ್ತಿದೆಯಲ್ಲ? ಇವತ್ತು ನಿಮಗೆ ಬಿಟ್ರೆ ನಾಳೆ ಪ್ರತಿಯೊಬ್ಬರೂ ತಂದು ಇಡ್ತಾರೆ.”

ಮಾವ ಕ್ಷಮೆ ಕೇಳಿ, ಫೋನು ಹಿಡಿದು ಕೆಳಗಿಳಿದು, ಸೋಫಾವನ್ನು ನೆಟ್ಟಗೆ ನಿಲ್ಲಿಸಿ ಎಡಕ್ಕೆ ತಿರುಗಿಸಿದರು. ಅದು ನುಣುಚಿಕೊಂಡು ಮೇಲೆ ಬಂತು. ಮೆಟ್ಟಿಲ ಮೇಲಿದ್ದವರು ಚಪ್ಪಾಳೆ ತಟ್ಟಿದರು.

ಇನ್ನು ಉಳಿದಿದ್ದು ಕಿಟಕಿ ಪಕ್ಕದ ಜಾಗ. ಅದಕ್ಕೂ ಆ ಆ್ಯಪಿನಲ್ಲಿ ದಾರಿಯಿದೆ. ಬೇಡದ ಸಾಮಾನಿನ ಸುತ್ತ ಫೋನಿನ ಮೇಲೆ ಬೆರಳಿಂದ ಗೆರೆ ಎಳೆದು ‘ಅಳಿಸು’ ಅಂತ ಒತ್ತಿದರೆ ಅದು ಮಾಯ. ಹಿಂದಿನ ಗೋಡೆ ಹೇಗಿರಬಹುದೆಂದು ಫೋನೇ ಊಹಿಸಿ ಬಳಿದುಬಿಡುತ್ತದೆ. ಇದನ್ನು ನಾನು ಕಲಿಸಿರಲಿಲ್ಲ, ಅವರೇ ಕಂಡುಹಿಡಿದರು. ಮೊದಲೇ ಮರ್ಕಟ, ಮೇಲೆ ಹೆಂಡ ಕುಡಿದರೆ ಅನ್ನುವ ಮಾತನ್ನು ಸೋದರಮಾವನಿಗೆ ಹೇಳಬಾರದು. ಆದರೂ ಹೇಳುತ್ತೇನೆ. ಬೀರು ಅಳಿಸಿದರು, ಮಡಚುವ ಕುರ್ಚಿ ಅಳಿಸಿದರು, ಗಡಿಯಾರ ಅಳಿಸಿದರು. ಸ್ವಿಚ್ ಬೋರ್ಡನ್ನೂ ಅಳಿಸಿ, ಸಂಜೆ ದೀಪ ಹಾಕಲು ಹೋದಾಗ ಗೋಡೆಯ ಮೇಲೆ ಕುರುಡರ ಹಾಗೆ ತಡಕಾಡಿದರು. ಕಡೆಗೆ ಮಿಷನ್ನಿನ ಸುತ್ತ ಗೆರೆ ಎಳೆದರು.

ಅತ್ತೆ ಆಗ ಮಿಷನ್ನಿನಲ್ಲೇ ಇದ್ದರು. ಹಲ್ಲಿನ ಡಾಕ್ಟರ ಪ್ಯಾಂಟಿನ ಸೊಂಟ ಸಡಿಲ ಮಾಡುತ್ತಿದ್ದರು.

“ಬಾ ಬಾ, ನೋಡು ಬಾ! ಎಷ್ಟು ಜಾಗ!” ಅಂದರು ಮಾವ.

ಅತ್ತೆ ಎದ್ದು ಬಂದು, ಕನ್ನಡಕ ಒರೆಸಿಕೊಂಡು ಫೋನು ನೋಡಿದರು. ನಾನೂ ಇಣುಕಿದೆ. ಕಿಟಕಿ ಇತ್ತು. ಕಿಟಕಿಯ ಕೆಳಗೆ ಹಸಿರು ಸೋಫಾ, ಮುಂದೆ ಟೀಪಾಯಿ. ಮನೆ ಮದುವೆಯ ಛತ್ರದಷ್ಟು ವಿಶಾಲವಾಗಿತ್ತು.

“ನಾನೆಲ್ಲಿ?” ಅಂದರು ಅತ್ತೆ.

“ನೀನು ಮಿಷನ್ ಜೊತೆ ಹೋದೆ,” ಅಂದರು ಮಾವ. “ಎರಡನ್ನೂ ಬೇರೆ ಬೇರೆ ಮಾಡೋಕೆ ಇದಕ್ಕೆ ಬರಲ್ಲ.”

ನನಗೆ ಮೈಯೆಲ್ಲ ಉರಿಯಿತು. ಕೂಗಾಡಲಿ, ಫೋನು ಕಿತ್ತು ಕಿಟಕಿಯಾಚೆ ಎಸೆಯಲಿ ಅಂತ ಕಾದೆ. ಅತ್ತೆ ಅದೇನೂ ಮಾಡಲಿಲ್ಲ. ಬಹಳ ಹೊತ್ತು ನೋಡಿ, “ಚೆನ್ನಾಗಿದೆ ರೀ. ಮನೆ ಚೊಕ್ಕವಾಗಿದೆ,” ಅಂದು ಫೋನನ್ನು ವಾಪಸ್ಸು ಕೊಟ್ಟು, ಹೋಗಿ ಮಿಷನ್ ತುಳಿಯತೊಡಗಿದರು.

ಅವತ್ತು ಸಂಜೆ ಮಾವ ಒಂದು ಲೋಟ ಕಾಫಿ ಕೇಳಿದರು.

“ಯಾರನ್ನ ಕೇಳ್ತಿದೀರಾ? ನಾನಿಲ್ವಲ್ಲ,” ಅಂದರು ಅತ್ತೆ.

ಬಹಳ ದಿನದವರೆಗೆ ಅದೇ ಅವರು ಮಾವನಿಗೆ ಆಡಿದ ಕೊನೆಯ ಮಾತು. ಮಾರನೇ ದಿನದಿಂದ ಅದೂ ಇಲ್ಲ. ಇಲ್ಲದವರು ಯಾರಿಗೆ ತಾನೇ ಅಡುಗೆ ಮಾಡಿಹಾಕುತ್ತಾರೆ? ತಮ್ಮೊಬ್ಬರಿಗೆ ಮಾಡಿಕೊಂಡು ಉಂಡರು. ಇಲ್ಲದವರು ಉಣ್ಣಬಹುದಾ ಅಂತ ಮಾವ ವಾದ ಹೂಡಿದರು. ಗೋಡೆಯ ಮುಂದೆ ನಿಂತು ಹೂಡಿದ ಹಾಗಾಯಿತು. ಬಟ್ಟೆ ಕೊಡಲು ಬಂದವರ ಜೊತೆ ಅತ್ತೆ ಚೆನ್ನಾಗಿಯೇ ಹರಟುತ್ತಿದ್ದರು, ನನ್ನ ಜೊತೆಯೂ. ಮಾವ ಬ್ರೆಡ್ಡು, ಬಾಳೆಹಣ್ಣು ತಿಂದುಕೊಂಡು ಫೋನಿನಲ್ಲಿ ಒಮ್ಮೆ, ಬರಿಗಣ್ಣಲ್ಲಿ ಒಮ್ಮೆ ಕಿಟಕಿಯ ಕಡೆ ನೋಡುತ್ತಿದ್ದರು. ಫೋನಿನಲ್ಲಿ ಖಾಲಿ ಸೋಫಾ ಕಾಣುತ್ತಿತ್ತು, ಕಿವಿಗೆ ಮಿಷನ್ ಸದ್ದು ಕೇಳುತ್ತಿತ್ತು.

ಒಂದು ದಿನ ನಾನು ಅಂಗಡಿಯಲ್ಲಿ ಗಿರಾಕಿಗಳಿಗೆ ಮಂಚ ತೋರಿಸುತ್ತಿದ್ದಾಗ ಮಾವನ ಫೋನು ಬಂತು.

“ಹೆಂಡತಿ ವಾಪಸ್ ಬರಬೇಕು ಅಂದ್ರೆ ಎಲ್ಲಿ ಒತ್ತಬೇಕೇ?”

“ಮನೇನ ಹೊಸದಾಗಿ ಇನ್ನೊಂದು ಸುತ್ತು ತೋರಿಸಿ ಮಾವ, ಅತ್ತೆ ಬರ್ತಾರೆ. ಆದ್ರೆ ಇಟ್ಟಿರೋ ಸೋಫಾ ಹೋಗುತ್ತೆ.”

“ಎರಡೂ ಒಟ್ಟಿಗೆ ಇರಲ್ವಾ?”

“ಅಲ್ಲಿ ಜಾಗ ಇಲ್ಲ ಮಾವ.”

“ಜಾಗ ಇದೆ,” ಅಂದು ಫೋನಿಟ್ಟರು. ಸಂಜೆ ಹೋಗಿ ನೋಡಿದರೆ, ಫೋನಿನಲ್ಲಿ ಸೋಫಾದ ಪಕ್ಕ ಒಂದು ಉದ್ದನೆಯ ದೀಪದ ಕಂಬ ನಿಲ್ಲಿಸಿದ್ದರು. ಸರಿಯಾಗಿ ಅತ್ತೆಯ ಎತ್ತರದ್ದೇ ಹುಡುಕಿ ಆರಿಸಿದ್ದರಂತೆ. ಅತ್ತೆ ಅದನ್ನು ನೋಡಿ ನನಗೆ ಹೇಳಿದರು, “ಕಾಫಿ ಇನ್ಮೇಲೆ ಅದನ್ನೇ ಕೇಳೋಕೆ ಹೇಳೇ.”

ಅಷ್ಟರಲ್ಲಿ ಮಾವ ನಿಜವಾದ ಸೋಫಾವನ್ನೂ ತರಿಸುವುದಕ್ಕೆ ಹೇಳಿಬಿಟ್ಟಿದ್ದರು. ನಮ್ಮದೇ ಅಂಗಡಿಯಿಂದ. ಅದು ಬರುವ ಹಿಂದಿನ ಮಧ್ಯಾಹ್ನ ಮಾವ ಹೊರಗೆ ಹೋಗಿದ್ದಾಗ ಅತ್ತೆ ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದರು.

“ಓಣೀಲಿ ಕೂತ್ರೆ ದಾರ ಕಾಣಲ್ಲ ಕಣೇ,” ಅಂದರು. “ದಾರ ಕಾಣದಿದ್ರೆ ಇದೂ ಇಲ್ಲ. ಇದಿಲ್ಲ ಅಂದ್ಮೇಲೆ ನಾನು ಈ ಮನೇಲಿ ಏನು ಮಾಡ್ಕೊಂಡಿರ್ಲಿ? ಅವರ ಆ ಫೋನು ಸುಳ್ಳು ಹೇಳಿಲ್ಲ ಬಿಡು.” ಆಮೇಲೆ ಕೆಳಗಿನ ಬಸ್ ಸ್ಟಾಪ್ ಕಡೆ ನೋಡಿ, “ಅದು ನನ್ನ ನೋಡೋಕೆ ಅಂತ ಆಗಿದ್ದು. ಊರಿಗೆಲ್ಲ ಗೊತ್ತು, ಅವರೊಬ್ಬರಿಗೆ ಮರ್ತುಹೋಗಿದೆ,” ಅಂದರು. ನನಗೆ ಅಳು ಬಂತು. ಅಳುವಿಗಿಂತ ಹೆಚ್ಚು ಸಿಟ್ಟು ಬಂತು. ಆದರೆ ಸೋಫಾ ಮಾರುವವಳು ನಾನು, ತರಬೇಡಿ ಅಂತ ಯಾವ ಬಾಯಲ್ಲಿ ಹೇಳಲಿ?

ಮಾರನೇ ದಿನ ಅಂಗಡಿಯ ಇಬ್ಬರು ಗಟ್ಟಿ ಆಳುಗಳು ಸೋಫಾ ಹೊತ್ತು ತಂದರು. ನಾನೂ ಜೊತೆಗೆ ಬಂದೆ. ಮೆಟ್ಟಿಲಲ್ಲಿ ಇದ್ದವರೆಲ್ಲ ಯಾರೂ ಹೇಳದೆಯೇ ಅವರವರ ಜಾಗದಲ್ಲಿ ಗೋಡೆಗೆ ಅಂಟಿಕೊಂಡರು. ಕೊನೆಯ ತಿರುವಿನಲ್ಲಿ ಅದು ಸಿಕ್ಕಿಹಾಕಿಕೊಂಡಾಗ ಮೂರು ಮಹಡಿಯವರು ಒಟ್ಟಿಗೆ ಕೂಗಿದರು, “ನೆಟ್ಟಗೆ ನಿಲ್ಲಿಸಿ, ಎಡಕ್ಕೆ ತಿರುಗಿಸಿ!”

“ಮುಂಚೆ ಒಂದ್ಸಲ ತಂದಿದ್ರಾ?” ಅಂತ ಆಳು ಬೆರಗಾಗಿ ಕೇಳಿದ.

“ಆಗ್ಲೇ ತಂದಾಗಿದೆ. ನಾನೇ ಆಕ್ಷೇಪಣೆ ಎತ್ತಿದ್ದೆ,” ಅಂದರು ಸೆಕ್ರೆಟರಿ.

ಸೋಫಾ ಬಾಗಿಲು ದಾಟಿ ಹಾಲ್‌ಗೆ ಬಂತು. ಹಿಂದೆಯೇ ಅರ್ಧ ಕಟ್ಟಡ ಬಂದು ಬಾಗಿಲಲ್ಲಿ ನಿಂತಿತ್ತು. ಆಳುಗಳು ಎಲ್ಲಿಡೋದು ಅಂತ ಕೇಳಿದರು. ಮಾವ ಫೋನನ್ನು ಕಣ್ಣ ಮುಂದೆ ಹಿಡಿದುಕೊಂಡು, “ಕಿಟಕಿ ಪಕ್ಕ. ಖಾಲಿ ಇದೆ ನೋಡಿ,” ಅಂದರು.

“ಖಾಲಿ ಎಲ್ಲಿದೆ ಸಾರ್? ಅಮ್ಮ ಕೂತಿದಾರೆ.”

ಮಾವ ಫೋನಿನಲ್ಲಿ ನೋಡಿದರು. ಫೋನು ಇಳಿಸಿ ನೋಡಿದರು. ಮತ್ತೆ ಏರಿಸಿದರು, ಮತ್ತೆ ಇಳಿಸಿದರು.

“ಅಮ್ಮನ್ನ ಸ್ವಲ್ಪ ಎಬ್ಬಿಸಿ ಸಾರ್, ಕೈ ಬಿದ್ದುಹೋಗ್ತಿದೆ,” ಅಂದ ಆಳು.

ಮಿಷನ್ ಸದ್ದು ನಿಂತಿತು. ಅತ್ತೆ ತಿರುಗಿ ನೋಡಲಿಲ್ಲ. ಬಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಕಿಟಕಿಯಿಂದ ಕೆಳಗೆ ನೋಡುತ್ತ ಕೂತರು. ಕೆಳಗೆ ಯಾವುದೋ ಬಸ್ಸು ಬಂದು, ಒಂದು ವಿಶಲ್ ಕೇಳಿ, ಬ್ರೇಕ್ ಹಾಕಿ ನಿಂತಿತು.

ಮಾವನ ಬಾಯಿ ತೆರೆದುಕೊಂಡಿತು. ನಾನು ಕಣ್ಣು ಮುಚ್ಚಿಕೊಂಡೆ. ಬಂದಿದ್ದು ಅವರ ಹಳೇ ಬಸ್ಸಿನ ಗಂಟಲು.

“ಯಾರನ್ರೀ ಎಬ್ಬಿಸೋದು? ಲೇಡೀಸ್ ಸೀಟು ಅದು! ಕಣ್ಣು ಕಾಣಲ್ವಾ?”

ಬೈದಿದ್ದು ಆಳಿಗೆ. ಆದರೆ ಅವರು ನೋಡುತ್ತಿದ್ದುದು ತಮ್ಮ ಕೈಯಲ್ಲಿದ್ದ ಫೋನನ್ನು.

“ಮತ್ತೆ ಇದನ್ನ ಎಲ್ಲಿಡೋದು ಸಾರ್?”

“ಹಿಂದೆ ಹೋಗಿ. ಹಿಂದೆ ಜಾಗ ಇದೆ,” ಅಂದರು ಮಾವ.

ಹಿಂದೆ ಇದ್ದದ್ದು ಮೆಟ್ಟಿಲು. ಆಳುಗಳು ಬೈದುಕೊಂಡು ಸೋಫಾವನ್ನು ತಿರುಗಿಸಿ ಹೊರಟರು. ಕೆಳಗೆ ಎರಡು ವಿಶಲ್ ಆಯಿತು, ಬಸ್ಸು ಹೊರಟಿತು. ಆಮೇಲೆ ಮಿಷನ್ ಸದ್ದು ಶುರುವಾಯಿತು.

ಸೋಫಾ ಈಗ ಆ ಕೊನೆಯ ತಿರುವಿನಲ್ಲಿದೆ. ಸೆಕ್ರೆಟರಿ ಬಂದು ನೋಡಿ, ಇದು ಹೇಗೂ ಎಲ್ಲರಿಗೂ ಅಭ್ಯಾಸವಾಗಿರುವ ಜಾಗ, ಓಡಾಟಕ್ಕೆ ಹೊಸ ತೊಂದರೆ ಏನಿಲ್ಲ ಅಂದು ಬಿಟ್ಟರು. ಅಲ್ಲಿಯೂ ಒಂದು ಕಿಟಕಿ ಇದೆ, ದೊಡ್ಡ ತಟ್ಟೆಯಷ್ಟಗಲದ್ದು. ಮೊದಲ ಸಂಜೆ ಅದರ ಪಕ್ಕ ಮಾವ, ನಡುವೆ ಹಲ್ಲಿನ ಡಾಕ್ಟರ್, ಈ ಕಡೆ ತರಕಾರಿ ಚೀಲದಾಕೆ. ಹತ್ತಿ ಇಳಿಯುವವರಿಗೆಲ್ಲ ಮಾವ ‘ಮುಂದೆ ಹೋಗಿ, ಮುಂದೆ ಹೋಗಿ’ ಅನ್ನುತ್ತಿದ್ದರು. ಕಿಟಕಿ ಪಕ್ಕ ಕೂತ ಅವರ ಮುಖ ನೋಡಬೇಕಿತ್ತು. ಇಷ್ಟು ವರ್ಷ ಕಾದ ಜಾಗ ಕಡೆಗೂ ಸಿಕ್ಕಿತ್ತು.

ಅದೇ ಸಂಜೆ ಅತ್ತೆ ಮಿಷನ್ನಿಗೆ ಬಟ್ಟೆ ಮುಚ್ಚಿ, ಹೆಗಲ ಮೇಲಿನ ದಾರದ ತುಂಡುಗಳನ್ನು ಕೊಡವಿಕೊಂಡು ಮೆಟ್ಟಿಲಿಳಿದು ಬಂದರು. ಸೋಫಾದ ಮುಂದೆ ನಿಂತರು. ಅಷ್ಟು ದಿನ ಆದ ಮೇಲೆ ಮೊದಲ ಸಲ ಮಾವನನ್ನು ನೋಡಿ ಮಾತಾಡಿದರು.

“ಜಾಗ ಇದೆಯಾ ರೀ?”

ಡಾಕ್ಟರ್ ಏಳಲು ಹೋದರು. ಮಾವ ಅವರ ತೊಡೆ ಒತ್ತಿ ಕೂರಿಸಿದರು. ಜೀವಮಾನದಲ್ಲಿ ಆಡದ ಮಾತು ಅದು, ಸುಲಭಕ್ಕೆ ಹೊರಬರಲಿಲ್ಲ.

“ಇಲ್ಲ ಕಣೇ,” ಅಂದರು. ಕಿಟಕಿ ಪಕ್ಕದಿಂದ ಎದ್ದು ನಿಂತರು. “ಕೂತ್ಕೋ.”

ಅತ್ತೆ ಕೂತರು. ಮಾವ ಮೆಟ್ಟಿಲ ಕಂಬಿ ಹಿಡಿದುಕೊಂಡು ಪಕ್ಕದಲ್ಲೇ ನಿಂತರು.

“ರೈಟ್,” ಅಂದರು ಅತ್ತೆ.